ಬನ್ನಿಗಿಡದ ತಿರುವಿನಲ್ಲಿ ಏನೂ ಇರಲಿಲ್ಲ

ಲಾರಿ ಡ್ರೈವರನ ಮನೆಯಲ್ಲಿ ಹುಟ್ಟಿದವನಿಗೆ ದೆವ್ವದ ಕಥೆಗಳಿಗೇನೂ ಕೊರತೆ ಇರುವುದಿಲ್ಲ. ನಮ್ಮೂರು ಆಳಂದ ತಾಲ್ಲೂಕಿನ ಖಜೂರಿ. ಮಹಾರಾಷ್ಟ್ರದ ಕಡೆ ಹೋಗುವ ಲಾರಿಗಳೆಲ್ಲ ನಮ್ಮ ಮನೆಯ ಮುಂದೆಯೇ ಹಾಯ್ದು ಹೋಗುತ್ತಿದ್ದವು. ಅಪ್ಪ ಟ್ರಿಪ್ ಮುಗಿಸಿ ಬಂದಾಗಲೆಲ್ಲ ಒಂದಾದರೂ ಕಥೆ ತರುತ್ತಿದ್ದರು. ರಸ್ತೆ ಬದಿ ಕೈ ಅಡ್ಡ ಮಾಡಿ ನಿಂತ ಹೆಣ್ಣು, ಓಡುವ ಲಾರಿಯ ಮುಂದೆ ತನ್ನಷ್ಟಕ್ಕೆ ನಡೆದು ಹೋಗುತ್ತಿದ್ದ ಬಿಳಿ ಎತ್ತು, ಹೀಗೆ. ತಮ್ಮ ತಂಗಿಯರು ಕೌದಿಯೊಳಗೆ ಮುದುಡಿಕೊಳ್ಳುತ್ತಿದ್ದರು. ನಾನು ಮಾತ್ರ, "ನಿದ್ದಿಗೆಟ್ಟ ಕಣ್ಣಿಗೆ ಎತ್ತೂ ಕಾಣ್ತದ, ಆನೀನೂ ಕಾಣ್ತದ" ಎಂದು ನಗುತ್ತಿದ್ದೆ. ಅಪ್ಪ ಸಿಟ್ಟಾಗುತ್ತಿರಲಿಲ್ಲ. "ಕಂಡವರಿಗೆ ಗೊತ್ತು" ಎಂದಷ್ಟೇ ಹೇಳಿ ಊಟಕ್ಕೆ ಕೂರುತ್ತಿದ್ದರು.

ಮುಂದೆ ನಾನು ಓದಿದ್ದೂ ಕಂಪ್ಯೂಟರ್. ಜೇವರ್ಗಿಯ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಯಂತ್ರ ತಾನಾಗಿ ಏನೂ ಮಾಡುವುದಿಲ್ಲ, ಮನುಷ್ಯ ಹೇಳಿದ್ದನ್ನಷ್ಟೇ ಮಾಡುತ್ತದೆ ಎಂದು ಪ್ರತಿ ವರ್ಷ ಮೊದಲ ದಿನದ ಪಾಠದಲ್ಲಿ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆಂದು ಹೇಳಿಕೊಳ್ಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿದವರು ನನ್ನನ್ನು ನಂಬಬೇಕೆಂಬ ಹಟ ನನಗಿಲ್ಲ. ಬೇರೆಯವರು ಬರೆದಿದ್ದರೆ ನಾನೇ ನಂಬುತ್ತಿರಲಿಲ್ಲ.

ನಮ್ಮ ಭಾಗದಲ್ಲಿ ಮೀಸೆ ಚಿಗುರುವ ಮೊದಲೇ ಹುಡುಗರು ಬೈಕಿನ ಕಿವಿ ಹಿಂಡುತ್ತಾರೆ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರಲ್ಲೂ ಅರ್ಧಕ್ಕರ್ಧ ಮಕ್ಕಳೇ. ಪ್ರತಿ ವರ್ಷ ಹಾಜರಿ ಕೂಗುವಾಗ, ರಸ್ತೆಯಲ್ಲಿ ಜೀವ ಬಿಟ್ಟ ಒಬ್ಬನಾದರೂ ಹುಡುಗನ ಹೆಸರಿಗೆ ತರಗತಿ ಸುಮ್ಮನಾಗುತ್ತಿತ್ತು. ಅದನ್ನು ನೋಡಲಾರದೆ, ನಾನೇ ಓಡಾಡಿ, ಗಾಡಿ ಓಡಿಸುವುದನ್ನು ಕಲಿಸುವ ಒಂದು ಸಿಮ್ಯುಲೇಟರನ್ನು ಕಾಲೇಜಿಗೆ ತರಿಸಿದೆ. ಎದುರಿಗೆ ಮೂರು ಪರದೆ, ಕೈಗೆ ಸ್ಟೇರಿಂಗು, ಕಾಲ ಕೆಳಗೆ ಕ್ಲಚ್ಚು, ಬ್ರೇಕು, ಎಕ್ಸಲೇಟರು. ಕುರ್ಚಿಯಲ್ಲಿ ಕೂತು ಓಡಿಸಿದರೆ ರಸ್ತೆ ಪರದೆಯ ಮೇಲೆ ಹರಿದು ಬರುತ್ತದೆ. ಯಾವುದಕ್ಕಾದರೂ ಗುದ್ದಿದರೆ ಸ್ಟೇರಿಂಗು ಕೈಯಲ್ಲಿ ಧಡ್ ಎಂದು ಅದುರುತ್ತದೆ. ಇಲ್ಲಿ ಗುದ್ದಿ ಕಲಿತವರು ಹೊರಗೆ ಗುದ್ದಲಾರರು ಎಂಬುದು ನನ್ನ ಲೆಕ್ಕಾಚಾರ.

ಅದರೊಳಗೆ ಬಂದಿದ್ದ ರಸ್ತೆಗಳು ಯಾವುದೋ ದೇಶದವು. ಗುಂಡಿಯಿಲ್ಲ, ಎಮ್ಮೆಯಿಲ್ಲ, ಎದುರಿಗೆ ಬರುವವನು ತನ್ನ ಬದಿಯಲ್ಲೇ ಬರುತ್ತಾನೆ. ಹುಡುಗರು ನಕ್ಕುಬಿಟ್ಟರು. ನಮ್ಮದೇ ರಸ್ತೆ ಕಟ್ಟೋಣ ಎಂದು ನಾನು ಜೇವರ್ಗಿಯಿಂದ ಅಂದೋಲಾಕ್ಕೆ ಹೋಗುವ ದಾರಿಯನ್ನು ಆರಿಸಿಕೊಂಡೆ. ಗೆಳೆಯನ ಜೀಪಿನ ಮುಂದೆ ಫೋನು ಕಟ್ಟಿ ಎಲ್ಲ ಚಿತ್ರ ಹಿಡಿದೆ. ರಜೆಯಲ್ಲೆಲ್ಲ ಕೂತು, ಹೆಂಡತಿ ಅಫಜಲಪುರದ ತವರಿಗೆ ಕರೆದರೂ ಹೋಗದೆ, ಆ ರಸ್ತೆಯನ್ನು ತಿರುವು ತಿರುವಾಗಿ ಪರದೆಯ ಮೇಲೆ ಎಬ್ಬಿಸಿದೆ. ಚಹಾದಂಗಡಿ, ಮೋರಿ, ದಾರಿಯ ನಡುವೆ ಬರುವ ದೊಡ್ಡ ಬನ್ನಿಗಿಡ, ಎಲ್ಲವೂ ಬಂದವು. ಮೊದಲ ಸಲ ನೋಡಿದಾಗ ಹುಡುಗರು, "ಏ, ನಮ್ಮ ರಸ್ತಾ ಲೇ!" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ನಾನು ಚಿತ್ರ ಹಿಡಿದದ್ದು ತೊಗರಿ ರಾಶಿಯ ಕಾಲ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಈಗ ಮಷೀನು ಬಂದಿದ್ದರೂ, ಕೆಲವು ರೈತರು ಇನ್ನೂ ಕೊಯ್ದ ತೊಗರಿಯನ್ನು ಡಾಂಬರು ರಸ್ತೆಯ ಮೇಲೆಯೇ ಹರಡುತ್ತಾರೆ. ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರುತ್ತದೆ. ಆ ಕಾಳನ್ನು ಅಲ್ಲೇ ಒಂದು ಬದಿಗೆ ಒಣಗಲು ಹಾಕಿ, ಗಾಡಿ ಅದರ ಮೇಲೆ ಹತ್ತದಿರಲೆಂದು ಸುತ್ತ ದೊಡ್ಡ ಕಲ್ಲುಗಳ ಸಾಲು ಇಡುತ್ತಾರೆ. ಕಾಳು ಚೀಲಕ್ಕೆ ಹೋಗುತ್ತದೆ, ಚೀಲ ಮನೆಗೆ ಹೋಗುತ್ತದೆ, ಕಲ್ಲು ಮಾತ್ರ ಅಲ್ಲೇ ಉಳಿಯುತ್ತದೆ. ಅದನ್ನು ತೆಗೆಯುವುದು ತನ್ನ ಕೆಲಸ ಎಂದು ಯಾರಿಗೂ ಅನ್ನಿಸುವುದಿಲ್ಲ. ಬನ್ನಿಗಿಡದ ತಿರುವಿನಲ್ಲಿ ಅಂಥ ಒಂದು ಸಾಲು ಬಿದ್ದಿತ್ತು. ನಾನು ಅದನ್ನೂ ಹಾಗೆಯೇ ಪರದೆಗೆ ತಂದೆ. ನಮ್ಮ ಮಕ್ಕಳು ನಿಜವಾಗಿ ಬೀಳುವುದು ಇಂಥ ಕಲ್ಲಿಗೇ ಅಲ್ಲವೇ ಎಂದು ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ತೊಂದರೆ ಏನೆಂದರೆ, ಎಲ್ಲರೂ ಅಲ್ಲೇ ಗುದ್ದತೊಡಗಿದರು. ತಿರುವಿಗೆ ಹೊರಳುವವರೆಗೆ ಕಲ್ಲು ಕಾಣುತ್ತಿರಲಿಲ್ಲ, ಕಂಡಾಗ ಹೊತ್ತು ಮೀರಿರುತ್ತಿತ್ತು. ಅಲ್ಲಿ ವೇಗ ಇಳಿಸಬೇಕೆಂದು ಮೊದಲು ಕಲಿತವಳು ರೇಣುಕಾ. ಅಂದೋಲಾದ ಹತ್ತಿರದ ಹಳ್ಳಿಯವಳು, ಆಗ ತಾನೆ ಹದಿನೆಂಟು ತುಂಬಿತ್ತು. ಅವಳ ಅಪ್ಪ ಒಂದು ಸಣ್ಣ ಗೂಡ್ಸ್ ಗಾಡಿಯಲ್ಲಿ ಜೇವರ್ಗಿಯಿಂದ ಹಳ್ಳಿಗಳಿಗೆ ಕಾಯಿಪಲ್ಲೆ ಒಯ್ಯುತ್ತಿದ್ದರು. ಅವರ ಕಣ್ಣು ಮಂದವಾಗುತ್ತಿತ್ತು. ಗಾಡಿ ತಾನೇ ಓಡಿಸಬೇಕೆಂದು ಕಲಿಯುವವರ ಲೈಸೆನ್ಸು ಮಾಡಿಸಿದ್ದಳು. ಬೇರೆಯವರಿಗೆ ಅದು ಆಟ, ಅವಳಿಗೆ ಹೊಟ್ಟೆಪಾಡು. ಹೀಗಾಗಿ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದಳು. ಇಂಥ ಶಿಷ್ಯೆ ಸಿಗಲೆಂದು ಮೇಷ್ಟ್ರುಗಳು ಹರಕೆ ಹೊರುತ್ತಾರೆ.

ಕಾಲೇಜಿನಲ್ಲಿ ಪಾಲಕರನ್ನು ಕರೆದು ಯಂತ್ರ ತೋರಿಸುವ ಕಾರ್ಯಕ್ರಮ ನಿಗದಿಯಾಯಿತು. ಹಿಂದಿನ ದಿನ ಪ್ರಾಚಾರ್ಯರು ಲ್ಯಾಬಿಗೆ ಬಂದು ನೋಡಿದರು. ಕೂತ ಹುಡುಗರೆಲ್ಲ ಕಲ್ಲಿಗೆ ಗುದ್ದಿದರು.

"ಏನ್ರಿ ಮಾಸ್ತರ, ನಾಳಿ ಬರೋರೆಲ್ಲಾ ರೈತರು. ಅವರ ಕಲ್ಲು ಅವರಿಗೇ ತೋರಿಸಿ ಮರ್ಯಾದಿ ತಗೀತೀರೇನು? ಮ್ಯಾಲ ಹುಡುಗರೂ ಫೇಲು. ತಗದು ಒಗೀರಿ ಅವನ್ನ" ಎಂದರು.

ಅವರ ಮೇಲೆ ಹೊರೆ ಹಾಕಿ ಪಾರಾಗಬಹುದು. ಆದರೆ ನಿಜ ಹೇಳಬೇಕೆಂದರೆ ಆ ಮಾತು ನನಗೂ ಬೇಕಾಗಿತ್ತು. ನಾನೇ ಓಡಾಡಿ ತರಿಸಿದ ಯಂತ್ರದ ಮೇಲೆ ಮಕ್ಕಳು ಸಾಲಾಗಿ ಸೋಲುವುದನ್ನು ಊರೆದುರು ತೋರಿಸುವ ಧೈರ್ಯ ನನಗಿರಲಿಲ್ಲ. ಮಧ್ಯಾಹ್ನ ಲ್ಯಾಬು ಖಾಲಿಯಾದ ಮೇಲೆ ಕೂತು ಒಂದೊಂದೇ ಕಲ್ಲನ್ನು ಆರಿಸಿ ಅಳಿಸಿದೆ. ಬನ್ನಿಗಿಡದ ತಿರುವು ಹಸನಾಯಿತು.

ಬಸ್ಸಿಗೆ ಹೊತ್ತಿದೆಯೆಂದು ರೇಣುಕಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಒಮ್ಮೆ ಓಡಿಸಿ ನೋಡು ಬಾ ಎಂದು ಕರೆದೆ. ಹೊರಗೆ ರಣಬಿಸಿಲು. ಪರದೆಗಳ ಮೇಲೆ ಬೆಳಕು ಬೀಳಬಾರದೆಂದು ಕಿಟಕಿಗಳಿಗೆ ಹಳೆಯ ಬ್ಯಾನರು ಕಟ್ಟಿದ್ದೆವು, ಒಳಗೆ ಮಬ್ಬು. ಫ್ಯಾನು ತಿರುಗುತ್ತಿತ್ತು. ಹೆದರುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಅವಳು ಚೆನ್ನಾಗಿಯೇ ಓಡಿಸಿಕೊಂಡು ಬಂದಳು. ಬನ್ನಿಗಿಡದ ತಿರುವಿಗೆ ಬರುತ್ತಿದ್ದಂತೆ ಎರಡೂ ಕಾಲಲ್ಲಿ ಬ್ರೇಕು ತುಳಿದಳು. ಕುರ್ಚಿಯೇ ಹಿಂದೆ ಸರಿಯಿತು.

"ಕಲ್ಲು ತಗದೀನಿ. ಯಾಕ ನಿಂತಿ?" ಎಂದೆ.

"ಯಾರೋ ಅದಾರ್ರಿ ಸರ್."

"ಎಲ್ಲಿ?"

"ಅಲ್ಲೇ, ರಸ್ತ್ಯಾಗ. ಮುದುಕರು. ಕೆಂಪು ರುಮಾಲ ಸುತ್ಯಾರ. ಕಾಲಿಲೆ ಕಲ್ಲು ತಳ್ಳಾಕತ್ತಾರ, ನೋಡ್ರಿ."

ನಾನು ಅವಳ ಭುಜದ ಹಿಂದಿನಿಂದಲೇ ನೋಡುತ್ತಿದ್ದೆ. ಪರದೆಯ ಮೇಲೆ ಬರಿದಾದ ರಸ್ತೆ, ಬನ್ನಿಗಿಡ, ಅದರ ನೆರಳು. ಮನುಷ್ಯನಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಆ ಸಾಫ್ಟ್‌ವೇರಿನಲ್ಲಿದ್ದ ಜನರೆಲ್ಲ ಪ್ಯಾಂಟು ತೊಟ್ಟು ಬೆನ್ನಿಗೆ ಬ್ಯಾಗು ಏರಿಸಿದವರು. ರುಮಾಲು ಸುತ್ತಿದವನೊಬ್ಬನನ್ನು ಸೇರಿಸಲು ನಾನು ಒದ್ದಾಡಿ ಸೋತು ಕೈಬಿಟ್ಟಿದ್ದೆ.

ಹುಡುಗಿ ಚೇಷ್ಟೆ ಮಾಡುವವಳಲ್ಲ. ಬಿಸಿಲಲ್ಲಿ ಕೂತು ಬಂದಿದ್ದಾಳೆ, ಕಣ್ಣಿಗೆ ಕತ್ತಲೆ ಬಂದಿರಬೇಕು ಎಂದು ನೀರು ಕೊಟ್ಟೆ. ರಸ್ತೆ ಕಟ್ಟುವ ಭಾಗವನ್ನು ತೆರೆದು ಆ ತಿರುವನ್ನು ಮೇಲಿನಿಂದ, ಬದಿಯಿಂದ, ತೀರ ಹತ್ತಿರದಿಂದ ನೋಡಿದೆ. ಒಂದು ಹರಳೂ ಇರಲಿಲ್ಲ. ಅವಳನ್ನು ಎಬ್ಬಿಸಿ ನಾನೇ ಕೂತು ಓಡಿಸಿದೆ. ತಿರುವಿಗೆ ಬಂದೆ. ನನಗೆ ಏನೂ ಕಾಣಿಸಲಿಲ್ಲ. ಆದರೆ ಗಿಡ ದಾಟುವಾಗ ಸ್ಟೇರಿಂಗು ನನ್ನ ಕೈಯಲ್ಲಿ ಧಡ್ ಎಂದಿತು. ಗುದ್ದಿದಾಗ ಮಾತ್ರ ಆಗುವಂಥ ಅದುರು ಅದು. ಅದರ ಹಿಂದೆಯೇ ಒಂದು ಸಪ್ಪಳ, ಕಲ್ಲು ಡಾಂಬರಿನ ಮೇಲೆ ಉರುಳಿದ ಹಾಗೆ. ಆ ಯಂತ್ರದಲ್ಲಿ ಇಂಜಿನ್ನು, ಹಾರ್ನು, ಬ್ರೇಕಿನ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವೇ ಇರಲಿಲ್ಲ.

ಸುಳ್ಳು ಹೇಳುವುದಿಲ್ಲ, ನಾನು ಹೆದರಿದೆ. ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ನಾಳೆ ಕಾರ್ಯಕ್ರಮ, ಈ ಹುಡುಗಿಯನ್ನೇ ಎಲ್ಲರೆದುರು ಕೂರಿಸಬೇಕೆಂದಿದ್ದೆ. ಅಷ್ಟು ಜನರ ಮುಂದೆ ಇವಳು ಖಾಲಿ ರಸ್ತೆಯಲ್ಲಿ ಬ್ರೇಕು ತುಳಿದು ಮುದುಕ ಬಂದ ಎಂದರೆ ನನ್ನ ಗತಿಯೇನು?

"ವೈರ್ ಲೂಸ್ ಆಗ್ಯದ, ಅದಕ್ಕ ಅದುರ್ತದ" ಎಂದೆ. "ಅಲ್ಲಿ ಏನೂ ಇಲ್ಲ ರೇಣುಕಾ. ಮನುಷ್ಯಾ ಇಲ್ಲ, ಕಲ್ಲೂ ಇಲ್ಲ. ಏನ್ ಕಂಡ್ರೂ ಬ್ರೇಕ್ ಮುಟ್ಟಬ್ಯಾಡ. ಸೀದಾ ಹೋಗು."

ಅವಳು ಕೂತಳು. ತಿರುವಿಗೆ ಬಂದಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು, ಆದರೆ ನಿಲ್ಲಿಸಲಿಲ್ಲ. ಮತ್ತೆ ಓಡಿಸು ಎಂದೆ. ಮತ್ತೆ ಕಣ್ಣು ಮುಚ್ಚಿದಳು. ಕಣ್ಣು ತೆರೆದೇ ಹೋಗಬೇಕು ಎಂದು ಗದರಿದೆ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಓಡಿಸಿದಳು. ಅವಳ ಬಸ್ಸು ತಪ್ಪಿತು, ಮುಂದಿನದು ಬರುವ ತನಕ ನಾನು ಬಿಡಲಿಲ್ಲ. ಕೊನೆಗೆ ಅವಳ ಕಾಲು ಎಕ್ಸಲೇಟರಿನಿಂದ ಮೇಲೇಳುವುದು ನಿಂತಿತು, ಕಣ್ಣೀರೂ ನಿಂತಿತು.

"ಈಗ ಕಾಣಸ್ತದೇನು?" ಎಂದು ಕೇಳಿದೆ.

"ಕಾಣಸ್ತಾರ್ರಿ" ಎಂದಳು. "ಆದ್ರ ಹೋಗ್ತೇನಿ."

ಶಾಬಾಸ್ ಎಂದೆ. ಬಾಯ್ತುಂಬ ಹೇಳಿದೆ.

ಮರುದಿನ ಅವಳು ಜೇವರ್ಗಿಯಿಂದ ಅಂದೋಲಾದವರೆಗೆ ಎಲ್ಲೂ ತಪ್ಪದೆ ಓಡಿಸಿದಳು. ಬನ್ನಿಗಿಡದ ತಿರುವಿನಲ್ಲಿ ಅವಳು ಮುಖ ಕೂಡ ಅಲುಗಿಸಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅವಳ ಅಪ್ಪ ಎದ್ದು ನಿಂತು, ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದರು. ಅವಳಿಗೆ ಕೊಟ್ಟ ಪ್ರಮಾಣಪತ್ರದ ಮೇಲೆ ಸಹಿ ಹಾಕಿದವನು ನಾನೇ.

ಮುಂದಿನ ತೊಗರಿ ರಾಶಿಯ ಹೊತ್ತಿಗೆ ಅವಳು ಅಪ್ಪನ ಪಕ್ಕದಲ್ಲಿ ಕೂತು ನಿಜವಾದ ಗಾಡಿ ಓಡಿಸತೊಡಗಿದ್ದಳು. ಒಂದು ಬೆಳಿಗ್ಗೆ ನನಗೆ ಫೋನು ಬಂತು. ಬನ್ನಿಗಿಡದ ತಿರುವಿನಲ್ಲಿ ರೇಣುಕಾಳ ಗಾಡಿ ಒಬ್ಬ ಮುದುಕರಿಗೆ ಬಡಿದಿದೆ, ಅವರನ್ನು ಕಲಬುರಗಿಗೆ ಒಯ್ದಿದ್ದಾರೆ ಎಂದರು. ಮುದುಕರ ತಲೆಗೆ ಏನು ಸುತ್ತಿತ್ತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಆಸ್ಪತ್ರೆಗೆ ಹೋದೆ. ಅವರ ಹೆಸರು ಇಮಾಮಸಾಬ. ಟೊಂಕದ ಎಲುಬು ಮುರಿದಿತ್ತು. ಜೀವಕ್ಕೆ ಅಪಾಯವಿರಲಿಲ್ಲ, ಆದರೆ ಅವರು ಮತ್ತೆ ಹೊಲದಲ್ಲಿ ನಿಲ್ಲುವಂತಿರಲಿಲ್ಲ. ಮಂಚದ ಸರಳಿಗೆ ಒಂದು ಕೆಂಪು ರುಮಾಲು ಸುತ್ತಿ ಇಟ್ಟಿದ್ದರು. ಪಕ್ಕದಲ್ಲಿ ಅವರ ಮೊಮ್ಮಗಳು ಮುಮ್ತಾಜ್ ಕೂತಿದ್ದಳು. ಅವಳೂ ನನ್ನ ಲ್ಯಾಬಿನಲ್ಲಿ, ಕಲ್ಲುಗಳಿದ್ದ ದಿನಗಳಲ್ಲಿ, ಗಾಡಿ ಓಡಿಸಿದವಳೇ.

"ಆ ಹುಡುಗಿಗಿ ಯಾರೂ ಬೈಬ್ಯಾಡ್ರಿ ಸರ್" ಎಂದರು ಇಮಾಮಸಾಬ. "ತಪ್ಪು ನಂದೇ ಅದ. ರಸ್ತೆದಾಗ ನಿಂತು ಕಲ್ಲು ತಗ್ಯಾಕತ್ತಿದ್ದೆ. ಬೆನ್ನು ಬಗ್ಗಂಗಿಲ್ಲ ನೋಡ್ರಿ, ಕಾಲಿಲೆ ತಳ್ಳಾಕತ್ತಿದ್ದೆ."

"ಪ್ರತಿ ವರ್ಷ ತಗೀತಿದ್ರೇನು?" ಎಂದು ಕೇಳಿದೆ. ಹೌದು ಎಂದುಬಿಡಲಿ ಎಂದು ಮನಸ್ಸು ಬೇಡುತ್ತಿತ್ತು. ಹೌದು ಎಂದಿದ್ದರೆ, ರೇಣುಕಾ ಹಿಂದೆ ಯಾವಾಗಲೋ ಬಸ್ಸಿನಿಂದ ಅವರನ್ನು ಕಂಡಿರಬೇಕು, ಅದೇ ನೆನಪು ಪರದೆಯ ಮೇಲೆ ಮೂಡಿರಬೇಕು ಎಂದು ನಾನು ಮನೆಗೆ ಹೋಗಿ ನಿದ್ದೆ ಮಾಡಬಹುದಿತ್ತು.

"ಎಲ್ಲೀದ್ರಿ!" ಎಂದು ಅವರು ನಕ್ಕರು, ನಕ್ಕದ್ದಕ್ಕೆ ನೋವಾಗಿ ಮುಖ ಕಿವುಚಿದರು. "ಇಷ್ಟು ವರ್ಷ ರಾಶಿ ಮಾಡೀನಿ, ಒಂದು ದಿನಾನೂ ಕಲ್ಲು ತಗದವನಲ್ಲ. ಹೋದ ಸಾರಿ ಈ ಪೋರಿ ಮನಿಗೆ ಬಂದು, ದಾದಾ, ಸರ್ ಕಂಪ್ಯೂಟರಿನ್ಯಾಗ ನಿನ್ನ ಕಲ್ಲಿಗೆ ಬಡದು ನಾ ಫೇಲಾದೆ ಅಂತ ಜಗಳಾ ತಗದಳು. ನಮ್ಮ ಕಲ್ಲು ಕಂಪ್ಯೂಟರಿಗಿ ಹೋಗ್ಯಾವಂದ್ರ ನಾಚಿಕಿ ಬಂತರಿ. ಈ ಸಾರಿ ತಗದೇ ಬಿಡೋಣು ಅಂತ ಅವತ್ತೇ ಮೊದಲ ಸಲ ಹೋಗಿದ್ದೆ."

ನಾನು ಏನೋ ಹೇಳಲು ಬಾಯಿ ತೆರೆದೆ. ಕಲ್ಲು ಅಳಿಸಿದವನು ನಾನು ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅವರು, "ನಿಮ್ಮಿಂದ ನಾಕು ಮಕ್ಕಳು ಉಳೀತಾವ ಸರ್, ಚಲೋ ಕೆಲಸಾ ಮಾಡಾಕತ್ತೀರಿ" ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈಯನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ, ಹೇಳಲೂ ಆಗಲಿಲ್ಲ. ಮೊಮ್ಮಗಳು ಚಹಾ ತಂದಳು, ಕುಡಿದು ಎದ್ದುಬಂದೆ.

ಅಲ್ಲಿಂದ ರೇಣುಕಾಳ ಮನೆಗೆ ಹೋದೆ. ಅವಳ ಅಪ್ಪ ಬಾಗಿಲಲ್ಲೇ ತಲೆ ತಗ್ಗಿಸಿ ಕೂತಿದ್ದರು. "ಸರ್ಟಿಫಿಕೇಟ್ ಸಿಕ್ಕಾಕಿ ಅಂತ ನಾ ಕಣ್ ಮುಚ್ಚಿ ಕುಂತಿದ್ದೆರಿ" ಎಂದರು. ಒಳಗೆ ರೇಣುಕಾ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಅಭ್ಯಾಸದಂತೆ ಎದ್ದು ನಿಂತಳು. ನೀನು ಬೇಕೆಂದು ಮಾಡಿದ್ದಲ್ಲ, ತಿರುವಿನಲ್ಲಿ ಅವರು ಕಾಣದೆ ಇದ್ದಿರಬಹುದು ಎಂದು ಸಮಾಧಾನ ಹೇಳಲು ಹೋದೆ.

"ಕಂಡಿದ್ರರಿ ಸರ್" ಎಂದಳು. "ಚಲೋ ಕಂಡಿದ್ರು. ಲ್ಯಾಬಿನ್ಯಾಗ ಇದ್ದಂಗೇ ಇದ್ರು, ಅದೇ ರುಮಾಲ, ಹಂಗೇ ಕಾಲಿಲೆ ತಳ್ಳಾಕತ್ತಿದ್ರು. ಅಲ್ಲಿ ಏನೂ ಇಲ್ಲ ಅಂತ ನೀವು ಹೇಳಿದ್ರಲ್ಲ, ಅದಕ್ಕ ನಾ ಹೋದೆ."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಪಾಠ ಒಪ್ಪಿಸುವ ಹಾಗೆ ಹೇಳಿದಳು. ನಾನು ಬಯ್ಗುಳವನ್ನಾದರೂ ತಡೆದುಕೊಳ್ಳುತ್ತಿದ್ದೆನೇನೋ.

ಆಮೇಲೆ ಈ ಬಗ್ಗೆ ಎಷ್ಟೋ ಯೋಚಿಸಿದ್ದೇನೆ. ಕಂಪ್ಯೂಟರ್ ಚೆನ್ನಾಗಿ ಬಲ್ಲ ಗೆಳೆಯನೊಬ್ಬನಿಗೆ ಹೇಳಿದೆ. ಅಳಿಸಿದ ಕಲ್ಲಿನ ಆಕಾರ ಹೋದರೂ ಗುದ್ದುವ ಗುಣ ಉಳಿದಿರುತ್ತದೆ, ಅದಕ್ಕೇ ಸ್ಟೇರಿಂಗು ಅದುರಿದೆ ಎಂದ. ಒಪ್ಪಿದೆ. ಆ ಸಪ್ಪಳ? ನಿನ್ನ ಕಿವಿ ಎಂದ. ಅದನ್ನೂ ಒಪ್ಪಿದೆ. ಕೆಂಪು ರುಮಾಲಿನ ಮುದುಕರು ನಮ್ಮ ಭಾಗದಲ್ಲಿ ಬೇಕಾದಷ್ಟಿದ್ದಾರೆ ಎಂದ. ಅದೂ ಸರಿ. ಆದರೆ ಆ ಮುದುಕರು ಕಲ್ಲನ್ನು ಕಾಲಿನಿಂದ ತಳ್ಳುವುದನ್ನು, ಅವರು ತಳ್ಳುವ ಎಷ್ಟೋ ಮೊದಲೇ, ನನ್ನ ಮುಚ್ಚಿದ ಲ್ಯಾಬಿನಲ್ಲಿ ಆ ಹುಡುಗಿ ಹೇಗೆ ಕಂಡಳು ಎಂದಾಗ ಅವನು ಮಾತು ಬದಲಿಸಿದ. ಅಪ್ಪ ಬದುಕಿದ್ದರೆ ಕೇಳುತ್ತಿದ್ದೆ. ಅವರು ವಿವರಣೆ ಕೊಡುತ್ತಿರಲಿಲ್ಲ. ಆದರೆ ಒಂದು ಮಾತು ನನಗೆ ಗೊತ್ತು. ಬಿಳಿ ಎತ್ತು ಕಂಡ ದಿನವೂ ಅಪ್ಪ ಲಾರಿ ನಿಲ್ಲಿಸಿದ್ದರು. ಇತ್ತೋ ಇಲ್ಲವೋ ಎಂಬ ವಾದಕ್ಕೆ ಕೂರಲಿಲ್ಲ, ಬ್ರೇಕು ತುಳಿದಿದ್ದರು.

ವಿಚಿತ್ರ ನಡೆದದ್ದು ಪರದೆಯ ಮೇಲೆ ಎಂದು ಜನ ಅಂದುಕೊಳ್ಳಬಹುದು. ಒಂದು ಮಗು ಕಣ್ಣಾರೆ ಕಂಡದ್ದನ್ನು ಇಲ್ಲವೆಂದು ಒಪ್ಪಿಸಲು ನನಗೆ ಒಂದು ಬಸ್ಸು ತಪ್ಪುವಷ್ಟು ಹೊತ್ತು ಸಾಕಾಯಿತಲ್ಲ, ನನ್ನ ನಿದ್ದೆ ಕೆಡಿಸುವುದು ಅದು. ಇಮಾಮಸಾಬರಿಗೆ ನಾನು ಇವತ್ತಿಗೂ ಹೇಳಿಲ್ಲ. ಹೇಳಬೇಕೆಂದು ಹೋದಾಗಲೆಲ್ಲ ಅವರು ಕೋಲೂರಿಕೊಂಡು ಎದ್ದುಬಂದು ಕೂಡ್ರಿ ಸರ್ ಎನ್ನುತ್ತಾರೆ.

ಕಲ್ಲುಗಳನ್ನು ಮತ್ತೆ ಪರದೆಗೆ ತಂದಿದ್ದೇನೆ. ಪ್ರಾಚಾರ್ಯರು ಈ ಸಲ ಏನೂ ಅನ್ನಲಿಲ್ಲ. ಹುಡುಗರು ಗುದ್ದುತ್ತಾರೆ, ಗುದ್ದಲಿ ಎಂದು ಬಿಡುತ್ತೇನೆ.

ರೇಣುಕಾ ಬಹಳ ದಿನ ಗಾಡಿ ಮುಟ್ಟಲಿಲ್ಲ. ಮನೆಯ ವ್ಯಾಪಾರ ನಿಂತಿತ್ತು. ಈಚೆಗೆ ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಿಗೆ ಬಂದು, ಒಮ್ಮೆ ಕೂಡಲೇನ್ರಿ ಎಂದಳು. ಕೂರಿಸಿ ಹಿಂದೆ ನಿಂತೆ. ನಿಧಾನ ಓಡಿಸಿದಳು. ಬನ್ನಿಗಿಡದ ತಿರುವಿಗೆ ಬಂದು, ಕಲ್ಲುಗಳು ಕಾಣುತ್ತಲೇ, ಗಾಡಿ ನಿಲ್ಲಿಸಿದಳು. ಪಕ್ಕದಲ್ಲಿ ದಾರಿಯಿತ್ತು, ಸುತ್ತಿ ಹೋಗಬಹುದಿತ್ತು. ಹೋಗಲಿಲ್ಲ. ಪರದೆಯನ್ನೇ ನೋಡುತ್ತ ಕೂತಳು. ನಾನೂ ನೋಡಿದೆ. ರಸ್ತೆ, ಗಿಡ, ಕಲ್ಲಿನ ಸಾಲು, ಅಷ್ಟೇ.

ತಿರುಗಿ ನೋಡದೆಯೇ ಕೇಳಿದಳು.

"ಸರ್, ಈಗ ಹೋಗಲೇನ್ರಿ?"

ನನ್ನ ಕಣ್ಣಿಗೆ ಅಲ್ಲಿ ಯಾರೂ ಇರಲಿಲ್ಲ.

"ನಿಂಗ ಕಾಣಸ್ತಾರೇನವ್ವಾ?" ಎಂದೆ.

"ಹೌದ್ರಿ."

"ಹಂಗಾದ್ರ ತಡಿ" ಎಂದೆ. "ಅವರು ದಾಟಲಿ."